ಎನಿಡಕ್ಕನ ಮಂಚದ ಜಾಗದಲ್ಲಿ ಒಂದು ಬೆಂಚು

ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆಯ ಮುಖ್ಯಾಧಿಕಾರಿಗಳೇ,

ಟಾಸ್ಮೇನಿಯಾದ ಪಡುವಣ ಗುಡ್ಡಗಳ ನಮ್ಮ ಕಾರ್ಬೀನ್ ರೈಲು ನಿಲ್ದಾಣವನ್ನು ಮೊದಲಿದ್ದ ಹಾಗೆಯೇ ಮಾಡಲು ಹೊರಟಿದ್ದೀರಿ. ಅದಕ್ಕಾಗಿ ಅಲ್ಲಿ ವಾಸವಿರುವ ಎನಿಡ್ ಟ್ರೆಗಿಯರ್ ಎಂಬ ಮುದುಕಿಯನ್ನು ಚಳಿಗಾಲಕ್ಕೆ ಮುಂಚೆ ಹೊರಹಾಕುತ್ತಿದ್ದೀರಿ. ಮೊದಲಿದ್ದ ಹಾಗೆ ಎಂದರೆ ಯಾವಾಗ ಇದ್ದ ಹಾಗೆ, ಸ್ವಾಮಿ? ಅಲ್ಲಿ ರೈಲು ಓಡಿದ್ದಕ್ಕಿಂತ ಹೆಚ್ಚು ಕಾಲ ಆಕೆ ಇದ್ದಾಳೆ.

ನಿಲ್ದಾಣದೆದುರು ನೀವು ನೆಟ್ಟಿರುವ ಫಲಕದ ಚರಿತ್ರೆಯಲ್ಲಿ ಗಣಿಯ ತಾಮ್ರವಿದೆ, ಎಂಜಿನ್ನಿನ ತೂಕವಿದೆ. ಕೊನೆಯ ರೈಲು ಏನನ್ನು ಹೊತ್ತು ಹೋಯಿತೆಂಬುದು ಮಾತ್ರ ಇಲ್ಲ. ಗಣಿ ಮುಚ್ಚಿದಾಗ ಕಂಪನಿಯವರು ತಮ್ಮ ಹಲಗೆ ಮನೆಗಳನ್ನು ಕಳಚಿ, ಗೂಡ್ಸಿಗೆ ಹೇರಿ ಬೇರೆ ಗಣಿಗೆ ಸಾಗಿಸಿದರು. ಈ ಕಡೆ ಅದೇ ವಾಡಿಕೆ. ಜನ ತಮ್ಮ ಮನೆಗಳ ಹಿಂದೆ ಹೋದರು. ಎನಿಡಕ್ಕ ಹೋಗಲಿಲ್ಲ. ನಿಲ್ದಾಣದ ಹಿಂದಿನ ಗಣಿ ಸುರಂಗ ಕುಸಿದಾಗ ಆಕೆಯ ಗಂಡ ಜೋರಿ ಒಳಗೇ ಉಳಿದಿದ್ದ; ಹೆಣ ಸಿಕ್ಕಿರಲಿಲ್ಲ. ಮನೆ ರೈಲು ಹತ್ತಿದ ಮೇಲೆ ಆಕೆ ನಿಲ್ದಾಣದಲ್ಲಿ ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಮಂಚ ಹಾಕಿಕೊಂಡಳು.

ಸ್ವಂತ ಮನೆಯಿದ್ದು ಊರಲ್ಲೇ ಉಳಿದ ನಾವು ಕೆಲವರು ನಿಲ್ದಾಣವನ್ನು ಹಂಚಿಕೊಂಡೆವು. ಗಡಿಯಾರ ಊರಿನ ಬಾರ್‌ಗೆ, ಗಂಟೆ ಚರ್ಚಿಗೆ, ಟಿಕೆಟ್ ಕಿಟಕಿ ಯಾರದೋ ಕೋಳಿಗೂಡಿಗೆ. ಬೆಂಚು ನನ್ನ ಜಗಲಿಗೆ ಬಂತು. ಹೋದ ವರ್ಷ ನಿಮ್ಮವರು ಬಂದು, ಸಾಮಾನು ಸಿಕ್ಕರೆ ನಿಲ್ದಾಣ ಉಳಿದೀತು ಎಂದಾಗ ಎಲ್ಲವನ್ನೂ ಮೆರವಣಿಗೆಯಲ್ಲಿ ಹೊತ್ತು ಒಪ್ಪಿಸಿದೆವು. ಎನಿಡಕ್ಕ ನಮಗೆಲ್ಲ ಚಹಾ ಕೊಟ್ಟಳು, ಕುರಿಮಾಂಸ ತುಂಬಿದ ಕಡುಬು ಕೊಟ್ಟಳು. ಬೆಂಚಿನ ಧೂಳು ಒರೆಸಿದ್ದೂ ಆಕೆಯೇ. ಒಂದೊಂದು ಸಾಮಾನು ಸೇರುತ್ತ ಹೋದಂತೆ ಅದು ನಿಮ್ಮ ಪ್ರದರ್ಶನದ ಕಟ್ಟಡವಾಗುತ್ತಿದೆ, ಆಕೆಯ ಮನೆಯಾಗಿ ಉಳಿಯುತ್ತಿಲ್ಲ ಎಂದು ನಮ್ಮ ಹೆಮ್ಮೆಯ ತಲೆಗಳಿಗೆ ಹೊಳೆಯಲೇ ಇಲ್ಲ. ನಿಮ್ಮ ನಕ್ಷೆಯಲ್ಲಿ ಬೆಂಚಿಗೆ ಗುರುತು ಹಾಕಿರುವುದು ಸರಿಯಾಗಿ ಆಕೆಯ ಮಂಚದ ಜಾಗದಲ್ಲಿ.

ನಿಮ್ಮ ಆದೇಶ ಬಂದ ದಿನ ಆಕೆ ಕನ್ನಡಕ ಸಿಗುತ್ತಿಲ್ಲವೆಂದು ನನ್ನಿಂದಲೇ ಓದಿಸಿದಳು.

“ಬಾರದೇ ಇರೋ ರೈಲಿಗೆ ಕಾಯೋಕೆ ಬೆಂಚು ಬೇಕಂತೇನೋ ಅವ್ರಿಗೆ, ಕ್ಲೆಮ್? ನಾನು ಕಾಯ್ತಾ ಇರೋದು ಸಾಲ್ದಾ?” ಎಂದು ನಕ್ಕಳು. ಆಮೇಲೆ ಮೆಲ್ಲಗೆ, “ಜೋರೀನ ಬಿಟ್ಟು ಎಲ್ಲಿಗೆ ಹೋಗ್ಲೋ?” ಎಂದಳು.

ನನ್ನನ್ನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆದ್ದರಿಂದ ನಿಮ್ಮನ್ನು ಬೈಯುವ ನಾಲಿಗೆ ನನಗೂ ಇಲ್ಲ. ಆದೇಶ ಹಿಂತೆಗೆದುಕೊಳ್ಳಿ, ಬದುಕಿರುವಷ್ಟು ದಿನ ಆ ಕೋಣೆ ಆಕೆಯದೆಂದು ಬರೆದುಕೊಡಿ. ಇಲ್ಲವಾದರೆ ಬರುವ ಭಾನುವಾರ ಪ್ರಾರ್ಥನೆ ಮುಗಿಸಿ ನಾವೆಲ್ಲ ಬಂದು ನಿಲ್ದಾಣವನ್ನು ಇನ್ನೊಮ್ಮೆ ಕದಿಯುತ್ತೇವೆ. ಕಾವಲಿಗೆ ಗಟ್ಟಿಮುಟ್ಟಾದವರನ್ನೇ ಕಳಿಸಿ. ಬೆಂಚು ಭಾರ, ಒಂದು ತುದಿ ಹಿಡಿಯಲು ಜನ ಬೇಕು.

ಇಂತಿ,
ಕೊಡುವ ಮುನ್ನ ಯೋಚಿಸದ
ಕ್ಲೆಮ್ ಹಾಕಿನ್