ಮೂವತ್ತು ಹೆಡ್‌ಸೆಟ್‌ಗಳ ಬಗ್ಗೆ

ಬುಟಿಬೋರಿ, ನಾಗಪುರ

ಹೃಷಿಕೇಶ್ ಸರ್ ಅವರಿಗೆ ನಮಸ್ಕಾರ.

ಇಂಗ್ಲಿಷಿನಲ್ಲಿ ಬರೆದ ಮೂರು ಮೇಲ್‌ಗಳಿಗೆ ಉತ್ತರ ಬರಲಿಲ್ಲ. ನೀವೂ ನಮ್ಮ ಕಡೆಯವರೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕ್ರೇನ್ ತರಬೇತಿಗೆ ಇದ್ದ, ಕಣ್ಣಿಗೆ ಕಟ್ಟಿಕೊಂಡರೆ ಕ್ರೇನಿನಲ್ಲೇ ಕೂತಂತೆ ಭಾಸವಾಗುವ ಎರಡು ದುಬಾರಿ ವಿಆರ್ ಹೆಡ್‌ಸೆಟ್‌ಗಳನ್ನು ಹೆಡ್ ಆಫೀಸಿಗೆ ತರಿಸಿಕೊಂಡು, ಎಲ್ಲರಿಗೂ ಸಿಗಲೆಂದು ಅಗ್ಗದ ಮೂವತ್ತನ್ನು ಕಳಿಸಿದಿರಿ. ಎಲ್ಲರಿಗೂ ಸಿಗುತ್ತಿವೆ. ಹಾಕಿಕೊಂಡ ಅರ್ಧ ಜನ ತಲೆ ತಿರುಗಿ ಹೊರಗಿನ ಕಟ್ಟೆಯ ಮೇಲೆ ಕೂರುತ್ತಾರೆ. ದಿನಕ್ಕೆ ನಾಲ್ಕು ಬ್ಯಾಚ್ ಮುಗಿಸಿ ಮನೆಗೆ ಹೋದರೆ ನನಗೂ ಅನ್ನ ಸೇರುವುದಿಲ್ಲ.

ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದ ಭೀಮಪ್ಪನವರು ಈ ಹೆಡ್‌ಸೆಟ್ ಹಾಕಿ ಕೊಡುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಇನ್ನೊಮ್ಮೆ ಆದರೆ ಅವರನ್ನು ಕ್ರೇನಿನಿಂದ ಇಳಿಸುತ್ತಾರೆ.

"ಮೇಡಮ್ಮರ, ಖರೇ ಕ್ರೇನಿನ್ಯಾಗ ನನಗ ಒಂದಿನಾನೂ ತಲಿ ತಿರುಗಿಲ್ರಿ. ಅಲ್ಲೇ ಪರೀಕ್ಷಾ ತಗೋರಿ," ಎಂದರು ನಿನ್ನೆ.

ತಗೊಂಡೆ. ತುಂಬಿದ ನೀರಿನ ಬಕೆಟ್ಟನ್ನು ಕೊಕ್ಕೆಗೆ ಸಿಕ್ಕಿಸಿ ಶೆಡ್ಡಿನ ಆ ತುದಿಗೆ ಒಯ್ದು ಇಳಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ.

ದಯವಿಟ್ಟು ಹಳೆಯ ಎರಡರಲ್ಲಿ ಒಂದನ್ನಾದರೂ ವಾಪಸ್ ಕಳಿಸಿ. ಸರದಿಗೆ ಕಾಯಲು ಇಲ್ಲಿ ಎಲ್ಲರೂ ಒಪ್ಪಿದ್ದಾರೆ.

ಭೀಮಪ್ಪನವರ ಹೆಸರಿನ ಮುಂದೆ ಪಾಸ್ ಎಂದು ಬರೆದು ಸಹಿ ಹಾಕಿದ್ದೇನೆ. ನಿಯಮಕ್ಕೆ ಇದು ತಪ್ಪೆಂದು ಗೊತ್ತು. ಕೆಲಸದ ಪಟ್ಟಿಯಿಂದ ಒಂದು ಹೆಸರನ್ನು ತೆಗೆಯಲೇಬೇಕಿದ್ದರೆ ನನ್ನದನ್ನು ತೆಗೆಯಿರಿ.

ಇಂತಿ,
ಸ್ವಪ್ನಾ
ತರಬೇತಿ ವಿಭಾಗ