ವಿಭೂತಿ ಹಚ್ಚಿದ ಕಂಪ್ಯೂಟರ್

18 ನವೆಂಬರ್, ಸೋಮವಾರ

ಬೆಳಿಗ್ಗೆಯಿಂದ ಅಜ್ಜಿಯ ಬಲಗೈಯೇ ಕಣ್ಣ ಮುಂದಿದೆ.

ಹಳೇ ಬಿಡಿಭಾಗಗಳಿಂದ ಗೇಮಿಂಗ್ ಕಂಪ್ಯೂಟರ್ ಜೋಡಿಸಿ ಮುಗಿದದ್ದು ನಿನ್ನೆ. ಬೆಳಿಗ್ಗೆ ಅದರಲ್ಲಿ ಗೇಮ್ ಡೌನ್‌ಲೋಡ್ ಆಗುತ್ತಿತ್ತು. ಸ್ನಾನ ಮುಗಿಸಿ ಬಂದ ಅಜ್ಜಿ, ಹೊಸ ಸಾಮಾನೆಂದು ಒದ್ದೆ ಬೆರಳಿನಿಂದ ಅದರ ಬಣ್ಣ ಹೋದ ತಗಡಿಗೆ ವಿಭೂತಿ ಎಳೆದಳು. ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಕೈ ಜುಮ್ಮಂತು ನೋಡವ್ವ ರೂಪಾ. ನಿಮ್ಮಜ್ಜಗೂ ಜೀವ ಹೋಗೋ ಮುಂಚೆ ಹಿಂಗಾ ಆಗಿತ್ತು."

ಅದು ಕರೆಂಟು. ನನಗೆ ಗೊತ್ತು. ಹಳೇ ಗ್ರಾಫಿಕ್ಸ್ ಕಾರ್ಡ್ ಕೊಟ್ಟ ಹರಿಹರದ ಯೋಗರಾಜಣ್ಣ ಮೊದಲೇ ಕೇಳಿದ್ದ.

"ಮನ್ಯಾಗ ಅರ್ತಿಂಗ್ ಐತೇನು? ಇಲ್ಲಾಂದ್ರ ತಗಡಿಗೆ ಕರೆಂಟು ಬರ್ತೈತೆ, ಮೊದ್ಲು ಅದನ್ನ ಮಾಡಿಸು. ಕಾರ್ಡ್ ಆಮೇಲೆ ತಗೊಂಡ್ರಾತು."

ಐತೆ ಅಂದುಬಿಟ್ಟೆ. ಅರ್ತಿಂಗ್ ಮಾಡಿಸಲು ಅಪ್ಪ ಕೊಟ್ಟ ದುಡ್ಡಿನಲ್ಲೇ ಆ ಕಾರ್ಡ್ ತಂದದ್ದು.

ಹೇಳಿದರೆ ಅಪ್ಪ ಕಂಪ್ಯೂಟರನ್ನು ಮನೆಯಲ್ಲಿಡಲು ಬಿಡುವುದಿಲ್ಲ. ಅಜ್ಜಿಯ ಮಾತಿಗೆ ಹೂಂ ಅಂದುಬಿಟ್ಟೆ. ಮಧ್ಯಾಹ್ನ ಅಜ್ಜಿ ರೊಟ್ಟಿ ತಟ್ಟಲಿಲ್ಲ. ಸಂಜೆ ಮಾಯಕೊಂಡದ ಅತ್ತೆಗೆ ಫೋನ್ ಮಾಡಿ, "ಒಂದ್ಸಲ ಬಂದು ಹೋಗವ್ವ, ನೋಡಬೇಕು ಅನಿಸ್ತೈತೆ" ಅಂದಳು.

ಹೊಸದಕ್ಕೆ ಐದು ದಿನ ವಿಭೂತಿ ಹಚ್ಚಬೇಕಂತೆ. ಉಳಿದ ದಿನ ನಾನು ಏಳುವ ಮೊದಲೇ ಅಜ್ಜಿಯ ಸ್ನಾನ ಆಗಿರುತ್ತದೆ. ಅದಕ್ಕೇ ಕಂಪ್ಯೂಟರಿನ ಕರೆಂಟಿನ ವೈರು ಕಿತ್ತು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಎರಡು ಸಲ ಮುಟ್ಟಿ ನೋಡಿದೆ, ಇದೆ.

ನಾಳೆ ಕೈ ಜುಮ್ಮೆನ್ನದಿದ್ದರೆ, ಶಿವ ಕಾಪಾಡಿದ ಎನ್ನುತ್ತಾಳೆ. ಆಗಲೂ ನಾನು ಹೂಂ ಎಂದುಬಿಡುತ್ತೇನೇನೋ ಎಂದು ಭಯವಾಗುತ್ತಿದೆ.