ಒಡಪು ಹೇಳಿ ಬರೆಸಿದ ಪಟ್ಟಿ

4 ಜೂನ್ 1956, ಸೋಮವಾರ

ಹಿಟ್ಟು ನಾದಿಟ್ಟು ಬರೆಯುತ್ತಿದ್ದೇನೆ. ಇವರಿಗೆ ಮಿಲ್ಲಿನಲ್ಲಿ ಮೊದಲ ಶಿಫ್ಟು, ಡಬ್ಬಿ ಕಟ್ಟಿ ಕಳಿಸಿದ್ದಾಯಿತು. ಶಾಲೆ ತೆರೆಯಲು ಇನ್ನೂ ವಾರವಿದೆ. ಅಷ್ಟರಲ್ಲಿ ಹೆಡ್‌ಮಾಸ್ತರು ಒಂದು ಕೆಲಸ ಅಂಟಿಸಿದ್ದಾರೆ. ಆನೆಕೊಂಡದ ನಮ್ಮ ಓಣಿಯ ವೋಟರ್ ಲಿಸ್ಟು! ಮನೆ ಮನೆಗೆ ಹೋಗಿ ಬರೆದು, ಶನಿವಾರ ತಾಲ್ಲೂಕು ಕಚೇರಿಗೆ ಒಪ್ಪಿಸಬೇಕು.

“ನಿರ್ಮಲಮ್ಮ, ಹೆಂಗಸರ ಹೆಸರು ಅವರ ಬಾಯಿಂದನ ಕೇಳಿ ಬರ್ಕೊಳ್ರಿ. ಹೋದ ಸಲದಂಗ ಆಗಬಾರ್ದು” ಅಂದರು.

ಹೋದ ಸಲ... ಐವತ್ತೆರಡರ ಎಲೆಕ್ಷನ್. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಅಂತ ಬರೆಸಿದವರನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದ್ದರು. ಅತ್ತೆಯೂ ಮಗನ ಹೆಸರು ಹೇಳಿ, ಅವನ ತಾಯಿ ಅಂತ ಬರೆಸಿದ್ದರು. ಗೊತ್ತಿಲ್ಲದೆ ಒಳ್ಳೆ ಸೀರೆ ಉಟ್ಟು ವೋಟು ಹಾಕಲು ಹೋದರು. ಬಾಗಿಲಲ್ಲೇ ವಾಪಸ್. ಓಣಿಯೆಲ್ಲ ನೋಡುತ್ತಿತ್ತು. ಆಗ ನಾನು ಹೊಸ ಸೊಸೆ, ವೋಟಿನ ವಯಸ್ಸೂ ಆಗಿರಲಿಲ್ಲ. ಅತ್ತೆ ಮನೆಗೆ ಬಂದು ಸೀರೆ ಮಡಿಸಿಟ್ಟು, “ಇನ್ನ ಆ ಬಾಗ್ಲಿಗೆ ಹೋಗಂಗಿಲ್ಲ” ಅಂದರು. ಅಷ್ಟೇ.

ಈ ಸಲ ಅವರ ಹೆಸರು ಬರೆದೇ ತೀರುತ್ತೇನೆ.

5 ಜೂನ್, ಸಂಜೆ

ಹದಿನೆಂಟು ಮನೆ. ಗಂಡಸರದು ಸಲೀಸು. ಹೆಂಗಸರು ತಮ್ಮ ಹೆಸರನ್ನು ಹೇಗೋ ನಾಚಿಕೊಂಡು ಹೇಳುತ್ತಾರೆ. ಪಕ್ಕದ ಕಾಲಂ ಗಂಡನ ಹೆಸರು. ಅಲ್ಲಿ ಬಾಯಿಗೆ ಬೀಗ! ಕೊಟ್ರವ್ವನನ್ನು ಮೂರು ಸಲ ಕೇಳಿದೆ. “ಅದೇರಿ, ನಮ್ಮನಿಯವ್ರು.” ಮೂರು ಸಲವೂ ಅದೇ.

ತಲೆ ಕೆಟ್ಟು, “ಹೆಸರು ಹೇಳಿದ್ರ ಗಂಡ ಕರಗಿ ಹೋಗ್ತಾನೇನ್ರಿ?” ಅಂದುಬಿಟ್ಟೆ. ಕೊಟ್ರವ್ವ ಎದ್ದು ಒಳಗೆ ಹೋದಳು. ನನ್ನ ನಾಲಗೆಗೆ ಬರೆ ಹಾಕಬೇಕು.

7 ಜೂನ್, ಮಧ್ಯಾಹ್ನ 3

ಖುಷಿ ತಡೆಯಲಾಗುತ್ತಿಲ್ಲ!

ನಮ್ಮ ಜಗಲಿಯಲ್ಲೇ ಕೂತಿದ್ದೆ, ಫಾರಂ ಹರಡಿಕೊಂಡು. ಕೊಟ್ರವ್ವ ಬಂದಳು. “ಟೀಚರಮ್ಮ, ಒಡಪಿನಾಗ ಹೇಳಿದ್ರ ನಡೀತದೇನ್ರಿ?”

ಹೌದಲ್ಲ! ಮದುವೆ ಮನೆಯಲ್ಲಿ ಹೊಸಿಲು ದಾಟುವಾಗ ಹೇಳಿಸುವುದು ಅದನ್ನೇ ತಾನೇ? ಗಂಡನ ಹೆಸರು ಬರಿದೇ ಹೇಳಿದರೆ ಆಯುಸ್ಸು ಕಡಿಮೆ, ಪ್ರಾಸದ ನಡುವೆ ತೂರಿಸಿದರೆ ಏನೂ ಆಗುವುದಿಲ್ಲ. ಯಾವ ನ್ಯಾಯವೋ! ನಡೆಯುತ್ತದೆ ಅಂದೆ. ಕೊಟ್ರವ್ವ ಸೆರಗು ಸರಿಮಾಡಿಕೊಂಡು ನಿಂತಳು—

“ಹಿತ್ತಲಾಗ ಕರಿಬೇವು, ಕೈಗೆ ಸಿಗದ ಮಾವು,
ಕರಿಬಸವರಾಜರ ಹೆಸರು ಬರ್ಕೊಳ್ರಿ ನೀವು.”

ಬರೆದೆ! ಅಷ್ಟಾಯಿತು ನೋಡು, ಓಣಿಗೆ ಓಣಿಯೇ ಜಗಲಿಗೆ ಬಂತು. ಒಬ್ಬಳಿಗಿಂತ ಒಬ್ಬಳದು ಜೋರು. ಮಾಬೂಬೀ ತಾನೇನು ಕಡಿಮೆ ಅಂತ ಮುಂದೆ ಬಂದಳು—

“ಬೇವಿನ ಗಿಡದ ಬುಡ, ಬುಡದಾಗ ನೀರಿನ ಕೊಡ,
ಬುಡನ್ ಸಾಬ್ರ ಹೆಸರು ಬರ್ಕೊಂಡು ನೀ ನಡ!”

ಟೀಚರಿಗೇ ‘ನಡ’ ಅಂದಳಲ್ಲ ಅಂತ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಾಲಗೆ ಕಚ್ಚಿಕೊಂಡಳು. ಒಂದೇ ಮಧ್ಯಾಹ್ನಕ್ಕೆ ನಲವತ್ತೊಂದು ಹೆಸರು!

ಅತ್ತೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ನೋಡಿದ್ದೇ ತಡ, ಒಳಗೆ ಹೋದರು. ಗಂಡ ಹೋದ ಹೆಂಗಸು ಒಡಪು ಹೇಳುವ ಹಾಗಿಲ್ಲ. ಮಾವ ಹೋಗಿ ಹದಿನೆಂಟು ವರ್ಷ. ಅವರ ಹೆಸರು ಈ ಮನೆಯಲ್ಲಿ ಅತ್ತೆಯ ಬಾಯಿಂದ ಒಂದು ಸಲವೂ ಕೇಳಿಲ್ಲ.

8 ಜೂನ್

ಪಟ್ಟಿ ಮುಗಿದಿದೆ. ಒಂದು ಸಾಲು ಖಾಲಿ. ನಮ್ಮ ಮನೆಯದೇ.

ಮೂರು ಸಲ ಕೇಳಿದೆ. ಅತ್ತೆ ಅಕ್ಕಿ ಆರಿಸುತ್ತಲೇ ಇದ್ದರು. ಇವರು, “ಬಿಡು, ಅವ್ವಗ ಯಾಕ ಕಾಡ್ತಿ? ನಾನು ಹೇಳ್ತೀನಿ, ಬರ್ಕೋ” ಅಂದರು. ಬೇಡ ಅಂದೆ. ತಮ್ಮ ಹೆಸರು ಬಿಟ್ಟು ಬೇರೆಯವರ ಹೆಸರಲ್ಲಿ ಬರೆಸಿಯೇ ಹೋದ ಸಲ ಕೆಟ್ಟದ್ದು. ಸಂಕಟವಾಗುತ್ತಿದೆ. ನಾಳೆ ಶನಿವಾರ.

9 ಜೂನ್, ಬೆಳಿಗ್ಗೆ 6

ಒಲೆ ಮುಂದೆ ಕೂತು ಕೇಳಿದರು. “ಹೆಸರು ಅಂದ್ರ ಯಾವ್ದು?”

“ನಿಮ್ಮದು, ಅತ್ತಿ.”

“ಗುರುಶಾಂತಮ್ಮ ಇವ್ರ ಮನ್ಯಾಗ ಇಟ್ಟಿದ್ದು, ಮದಿವಿ ದಿನ. ನಮ್ಮಪ್ಪ ಇಟ್ಟಿದ್ದು ದ್ರಾಕ್ಷಾಯಣಿ. ಹರಿಹರ ಬಿಟ್ಟ ಮ್ಯಾಲ ಯಾರೂ ಕರೆದಿಲ್ಲ.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇನೆ, ನನಗೆ ಗೊತ್ತೇ ಇರಲಿಲ್ಲ!

“ಯಾವುದು ಬರೀಲಿ?”

“ನಂದು ಬರಿ.”

ಬರೆದೆ. ದ್ರಾಕ್ಷಾಯಣಮ್ಮ. ಗಂಡನ ಕಾಲಂ ಬಂದಾಗ ಎದ್ದು ಹೋದರು. ಅದನ್ನು ಇವರಿಂದಲೇ ಕೇಳಿ ಬರೆದೆ. ಮಗ ಹೇಳಿದರೆ ನಡೆಯುತ್ತದೆ ಅಂತ ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ.

20 ಡಿಸೆಂಬರ್

ಪಟ್ಟಿ ಅಚ್ಚಾಗಿ ಬಂದಿದೆ. ನಮ್ಮ ಓಣಿಯ ಒಂದು ಹೆಸರೂ ಬಿಟ್ಟುಹೋಗಿಲ್ಲ. ಅತ್ತೆಗೆ ಸಾಲು ತೋರಿಸಿದೆ. ಓದಲು ಬಾರದು. ಆದರೂ ಬೆರಳಿಟ್ಟು ನೋಡಿದರು. “ಇಷ್ಟುದ್ದ ಐತೇನ?” ಅಂದರು.

24 ಫೆಬ್ರವರಿ 1957

ನಾಳೆ ವೋಟು. ಎರಡೂ ಪಾರ್ಟಿಯ ಜೀಪು ಕೂಗಿ ಕೂಗಿ ಕಿವಿ ಗುಂಯ್ ಅನ್ನುತ್ತಿದೆ. ಅತ್ತೆ ಬರುತ್ತಾರೋ ಇಲ್ಲವೋ, ಕೇಳಲು ಧೈರ್ಯವಿಲ್ಲ. ಊಟಕ್ಕೆ ಕೂತಾಗ ತಾವೇ ಅಂದರು, “ಮತ್ತ ವಾಪಸ್ ಕಳಿಸಿದ್ರ ಓಣ್ಯಾಗ ತಲಿ ಎತ್ತಂಗಿಲ್ಲ ನೋಡು ನಿರ್ಮಲಾ.”

ಕಳಿಸುವುದಿಲ್ಲ ಅಂದೆ. ಅಚ್ಚಾಗಿದೆಯಲ್ಲ!

25 ಫೆಬ್ರವರಿ, ಸಂಜೆ

ಎಲ್ಲಿಂದ ಶುರು ಮಾಡಲಿ...

ಹೆಂಗಸರ ಸಾಲು ಶಾಲೆಯ ಗೇಟಿನ ತನಕ. ಅತ್ತೆ ನನ್ನ ಮುಂದೆ. ಗುಮಾಸ್ತ ಚೀಟಿ ನೋಡಿ “ದ್ರಾಕ್ಷಾಯಣಮ್ಮ!” ಅಂತ ಕೂಗಿದ. ಅತ್ತೆ ತಿರುಗಿ ಹಿಂದೆ ನೋಡಿದರು, ಯಾರಪ್ಪ ಅಂತ! ಬೆನ್ನು ತಟ್ಟಿದೆ. ಮುಂದೆ ಹೋದರು. ಅಷ್ಟರಲ್ಲಿ ಪಾರ್ಟಿ ಏಜೆಂಟರ ಬೆಂಚಿನಿಂದ ಪರಮೇಶ್ವರಪ್ಪ ಎದ್ದರು. ಮೂಲೆ ಅಂಗಡಿಯವರು, ಓಣಿಗೆಲ್ಲ ಗೊತ್ತಿರುವವರು.

“ತಡೀರಿ ಸ್ವಾಮಿ. ಇವ್ರು ಗುರುಶಾಂತಮ್ಮ. ಮೂವತ್ತು ವರ್ಷದಿಂದ ನೋಡೀನಿ. ದ್ರಾಕ್ಷಾಯಣಮ್ಮ ಅನ್ನೋರು ನಮ್ಮ ಓಣ್ಯಾಗ ಇಲ್ಲ.”

ದುರುದ್ದೇಶವಿಲ್ಲ ಆ ಮನುಷ್ಯನಿಗೆ, ಅವರು ಹೇಳಿದ್ದು ನಿಜವೇ. ತಪ್ಪು ನನ್ನದು. ಎಲ್ಲರಿಗೂ ಗೊತ್ತಿರುವ ಹೆಸರು ಬರೆದಿದ್ದರೆ ಆಗುತ್ತಿತ್ತು! ಹೇಳಲು ಮುಂದೆ ಹೋದೆ. ಆಫೀಸರು ಕೈ ಅಡ್ಡ ಮಾಡಿದರು. “ನೀವು ಸುಮ್ಮನಿರಿ. ಅವರೇ ಹೇಳಲಿ. ಅಮ್ಮಾ, ಗಂಡನ ಹೆಸರೇನು?”

ಅತ್ತೆ ಸುಮ್ಮನೆ ನಿಂತರು. ಹಿಂದಿನಿಂದ ಕೊಟ್ರವ್ವ ಮೆಲ್ಲಗೆ, “ಒಡಪಿನಾಗ ಹೇಳ್ರಿ ಅಮ್ಮ, ಏನಾಗಂಗಿಲ್ಲ” ಅಂದಳು. ಅತ್ತೆ ಬೇಡವೆಂದು ತಲೆ ಅಲ್ಲಾಡಿಸಿದರು. ಮುಗಿಯಿತು, ತಿರುಗಿ ಬರುತ್ತಾರೆ ಅಂದುಕೊಂಡೆ.

“ಕೆಂಚವೀರಪ್ಪ” ಅಂದರು.

ಬರೀ ಹೆಸರು. ಹಿಂದಿಲ್ಲ ಮುಂದಿಲ್ಲ. ಆಫೀಸರು ಪಟ್ಟಿ ನೋಡಿ ಸರಿಯಾಗಿದೆ ಅಂದರು. ಪರಮೇಶ್ವರಪ್ಪ ಟೋಪಿ ತೆಗೆದು ಕೂತರು. ಅತ್ತೆ ಅಲ್ಲೇ ನಿಂತು ಇನ್ನೊಂದು ಸಲ ಅಂದರು, ಇನ್ನೂ ಗಟ್ಟಿಯಾಗಿ. “ಕೆಂಚವೀರಪ್ಪ.”

“ಕೇಳಿಸ್ತಮ್ಮ, ಸಾಕು.”

“ನಿಮಗಲ್ಲರಿ” ಅಂದರು ಅತ್ತೆ. ಬೆರಳಿಗೆ ಶಾಯಿ ಹಾಕಿಸಿಕೊಂಡು ಪರದೆಯ ಹಿಂದೆ ಹೋದರು.

ಪಾರ್ಟಿಗೊಂದು ಪೆಟ್ಟಿಗೆ ಇಟ್ಟಿದ್ದರಲ್ಲ, ಯಾವುದಕ್ಕೆ ಹಾಕಿದಿರಿ ಅಂತ ದಾರಿಯುದ್ದಕ್ಕೂ ಕೇಳಿದೆ. ಹೇಳಲಿಲ್ಲ. ಆದರೆ ಮನೆಗೆ ಬಂದಾಗಿನಿಂದ ಬಾಯಿಗೆ ಬಿಡುವಿಲ್ಲ! ಕೆಂಚವೀರಪ್ಪ ಹಿಂಗಂದ್ರು, ಕೆಂಚವೀರಪ್ಪ ಹಂಗ ನಕ್ರು, ಕೆಂಚವೀರಪ್ಪಗ ಈಜು ಬರ್ತಿದ್ದಿಲ್ಲ... ಇವರು ಶಿಫ್ಟಿನಿಂದ ಬಂದವರು ಅಂಗಿ ಸಹ ತೆಗೆಯದೆ ಅವ್ವನ ಮುಂದೆ ಕೂತಿದ್ದಾರೆ. ಅಪ್ಪ ಹೋದಾಗ ಇವರಿಗೆ ಐದು ವರ್ಷ. ಮುಖ ಕೂಡ ನೆನಪಿಲ್ಲ ಅನ್ನುತ್ತಿದ್ದರು. ಈಗ ಕೇಳುತ್ತಿದ್ದಾರೆ, “ನೋಡಾಕ ಹೆಂಗಿದ್ರು ಅವ್ವ?”

ಅತ್ತೆ ಹೇಳುತ್ತಿದ್ದಾರೆ. ನಾನೂ ಹೋಗಿ ಕೂರುತ್ತೇನೆ.